ಮುಂಬಯಿಯ ಕನ್ನಡ ಕೇಳುಗರಿಗೆ ರೆಕಾರ್ಡಿನ ಆಯ್ಕೆ: ಹಳೆಯ ಎಲ್‌ಪಿ, ಹೊಸ ಮುದ್ರಣ, ಇಪಿ, ಎಪ್ಪತ್ತೆಂಟರ ಪ್ಲೇಟು

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿಯೋ ಮಾಹಿಮಿನ ಕರ್ನಾಟಕ ಸಂಘದಲ್ಲಿಯೋ ಕಚೇರಿ ಮುಗಿದ ಮೇಲೆ ಸಂಗೀತಪ್ರಿಯರು ನಾಲ್ಕು ಜನ ಸೇರಿದರೆ, "ಮನೆಯಲ್ಲಿ ಈಗ ಯಾವ ರೆಕಾರ್ಡು ಹಾಕುತ್ತಿದ್ದೀರಿ?" ಎಂಬ ಪ್ರಶ್ನೆ ಒಮ್ಮೆಯಾದರೂ ಬರುತ್ತದೆ. ಒಬ್ಬರು ಭೀಮಸೇನ ಜೋಶಿಯವರ ಎಲ್‌ಪಿ ಎನ್ನುತ್ತಾರೆ, ಇನ್ನೊಬ್ಬರು ಗಂಗೂಬಾಯಿ ಹಾನಗಲ್ಲರ ಹೆಸರು ಹೇಳುತ್ತಾರೆ, ಮತ್ತೊಬ್ಬರು ಊರಿನ ಮನೆಯ ಅಟ್ಟದಿಂದ ಇಳಿಸಿ ತಂದ ಹಳೆಯ ಪ್ಲೇಟುಗಳ ವಿಷಯ ತೆಗೆಯುತ್ತಾರೆ. ಕೇಳಿದವರಿಗೆ ತಾವೂ ಒಂದು ಟರ್ನ್‌ಟೇಬಲ್ ತಂದು ಕೇಳಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಒಬ್ಬನೇ ಗಾಯಕನ ಹಾಡುಗಾರಿಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಬಗೆಯ ಡಿಸ್ಕುಗಳಲ್ಲಿ ಬಂದಿದೆ, ಒಂದಕ್ಕೆ ಹೊಂದುವ ಸೂಜಿ ಇನ್ನೊಂದಕ್ಕೆ ಹೊಂದುವುದಿಲ್ಲ, ಒಂದರಲ್ಲಿ ಸಿಗುವ ಸಂಗೀತ ಇನ್ನೊಂದರಲ್ಲಿ ಸಿಗುವುದೂ ಇಲ್ಲ. ಆದ್ದರಿಂದ ಕೊಳ್ಳುವ ಮೊದಲು ಯಾವ ಬಗೆ ತಮಗೆ ತಕ್ಕದ್ದು ಎಂದು ನಿಶ್ಚಯಿಸಿಕೊಳ್ಳುವುದು ಅಗತ್ಯ. ನನ್ನ ದೃಷ್ಟಿಯಲ್ಲಿ ಈ ನಿಶ್ಚಯವನ್ನು ಮಾಡಬೇಕಾದದ್ದು ನಾವು ಕೇಳಲು ಬಯಸುವ ಸಂಗೀತ. ಯಂತ್ರದ ಅಂದ, ಕವರಿನ ಚಿತ್ರ, ಮಾರುವವನ ವರ್ಣನೆ ಇವೆಲ್ಲ ಆಮೇಲಿನವು.

ನಮ್ಮ ಮುಂದಿರುವ ಆಯ್ಕೆಗಳು ಮುಖ್ಯವಾಗಿ ನಾಲ್ಕು. ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ ಹಳೆಯ ಪ್ಲೇಟು ಮೊದಲನೆಯದು. 45 ಸುತ್ತಿನ, ಏಳು ಅಂಗುಲದ ಇಪಿ (ಎಕ್ಸ್‌ಟೆಂಡೆಡ್ ಪ್ಲೇ) ಎರಡನೆಯದು. 1960ರಿಂದ 1980ರ ದಶಕದವರೆಗೆ ಭಾರತದಲ್ಲಿಯೇ ಒತ್ತಿದ, 33⅓ ಸುತ್ತಿನ, ಹನ್ನೆರಡು ಅಂಗುಲದ ಎಲ್‌ಪಿ (ಲಾಂಗ್ ಪ್ಲೇ) ಮೂರನೆಯದು. ಈಚಿನ ವರ್ಷಗಳಲ್ಲಿ ಹೊಸದಾಗಿ ಒತ್ತಿ ಮಾರುತ್ತಿರುವ ಮರುಮುದ್ರಣ ನಾಲ್ಕನೆಯದು.

ಹಿಂದೂಸ್ತಾನಿ ಸಂಗೀತದಲ್ಲಿ ರಾಗವನ್ನು ವಿಸ್ತಾರವಾಗಿ ಹಾಡುವ ಖಯಾಲ್ ಗಾಯನವನ್ನು ಪ್ರೀತಿಸುವವರಿಗೆ ಈ ನಾಲ್ಕರಲ್ಲಿ ಮೂರನೆಯದೇ ಮೊದಲ ಆಯ್ಕೆಯಾಗಬೇಕೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಅದಕ್ಕೆ ಕಾರಣ ಕಾಲಾವಕಾಶ. ಹತ್ತು ಅಂಗುಲದ ಅರಗಿನ ಪ್ಲೇಟಿನ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತದೆ. ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷ, ಕೆಲವೊಮ್ಮೆ ಇಪ್ಪತ್ತೈದು ನಿಮಿಷದವರೆಗೂ ಸಿಗುತ್ತದೆ. ಕೊಲಂಬಿಯಾ ಕಂಪನಿ 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿಯನ್ನು ಬಿಡುಗಡೆ ಮಾಡಿದಾಗ ಅದರಿಂದ ಯಾರಿಗೆ ಎಷ್ಟು ಪ್ರಯೋಜನವಾಯಿತೋ, ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ರಾಗವನ್ನು ಮೆಲ್ಲಮೆಲ್ಲಗೆ ಬಿಡಿಸುವ ನಮ್ಮ ಗಾಯಕರಿಗೆ ಆದ ಪ್ರಯೋಜನ ಅದಕ್ಕಿಂತ ಕಡಿಮೆಯದಲ್ಲ. ಬದಿಗೊಂದು ರಾಗ, ಅದರಲ್ಲಿ ನಿಧಾನದ ಬಡಾ ಖಯಾಲ್, ಬಳಿಕ ವೇಗದ ಛೋಟಾ ಖಯಾಲ್ ಎಂಬ ಕ್ರಮ ಸಾಧ್ಯವಾದದ್ದು ಎಲ್‌ಪಿ ಬಂದ ಮೇಲೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ ಈ ನಾಲ್ವರೂ ತಮ್ಮ ಪ್ರೌಢಿಮೆಯ ಕಾಲದಲ್ಲಿ ಎಲ್‌ಪಿಗಾಗಿ ಹಾಡಿದ್ದಾರೆ. ನಾಲ್ವರೂ ಕನ್ನಡದ ನೆಲದಲ್ಲಿ ಹುಟ್ಟಿದವರು, ಮುಂಬಯಿ ಮತ್ತು ಪುಣೆಯ ಕೇಳುಗರು ಮನೆಯವರೆಂದೇ ಭಾವಿಸಿದವರು. ಹಾಗಾಗಿ ಇವರ ರೆಕಾರ್ಡುಗಳು ಈ ಎರಡು ಊರುಗಳಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಡೆ ಸಿಗುವುದು ಕಷ್ಟ. ಅಪರೂಪದ ರಾಗಗಳೇ ತಮ್ಮ ವೈಶಿಷ್ಟ್ಯವೆಂಬಂತೆ ಹಾಡಿದ ಮನಸೂರರನ್ನು ಒಂದು ಬದಿ ಪೂರ್ತಿ, ನಡುವೆ ಎದ್ದುಹೋಗದೆ ಕೇಳುವುದು ರಾಗವನ್ನು ಅರಿಯುವುದಕ್ಕೆ ಬಹಳ ಒಳ್ಳೆಯ ದಾರಿ ಎಂಬುದು ನನ್ನ ನಂಬಿಕೆ.

ಈ ಎಲ್‌ಪಿಗಳಲ್ಲಿ ಹೆಚ್ಚಿನವು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಕೊಲ್ಕತ್ತ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿ, ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್) ಲೇಬಲ್ಲಿನಲ್ಲಿ ಹೊರತಂದವು. ಕೆಲವು ಪಾಲಿಡಾರ್ ಮತ್ತು ಅದರ ನಂತರದ ಮ್ಯೂಸಿಕ್ ಇಂಡಿಯಾದವು. ಎಚ್‌ಎಂವಿಯ ಶಾಸ್ತ್ರೀಯ ಎಲ್‌ಪಿ ಕೊಳ್ಳುವವರು ಕವರಿನ ಮೂಲೆಯಲ್ಲಿಯೂ ಲೇಬಲ್ಲಿನ ಮೇಲೆಯೂ ಅಚ್ಚಾಗಿರುವ ಸಂಖ್ಯೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಇಎಎಲ್‌ಪಿ ಎಂದು ಆರಂಭವಾದರೆ ಅದು ಮೊನೊ, ಅಂದರೆ ಎಡ-ಬಲಗಳೆರಡರಲ್ಲೂ ಒಂದೇ ಧ್ವನಿ, ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೊ, ಅಂದರೆ ಎಡ-ಬಲಗಳಿಗೆ ಬೇರೆ ಬೇರೆ ಧ್ವನಿ. ಮೊನೊ ಎಂದ ಕೂಡಲೇ ಕಡಿಮೆ ದರ್ಜೆಯದೆಂದು ಬದಿಗಿಡುವವರನ್ನು ಕಂಡಿದ್ದೇನೆ, ಹಾಗೆ ಮಾಡಬಾರದು. ಒಬ್ಬ ಗಾಯಕ, ಎರಡು ತಂಬೂರಿ, ತಬಲಾ, ಹಾರ್ಮೋನಿಯಂ ಅಥವಾ ಸಾರಂಗಿ ಇಷ್ಟೇ ಇರುವ ಕಚೇರಿಗೆ ಮೊನೊ ಧ್ವನಿಮುದ್ರಣದಿಂದ ಹೇಳಿಕೊಳ್ಳುವಂಥ ಕೊರತೆಯೇನೂ ಆಗುವುದಿಲ್ಲ, ಅನೇಕ ಮೊನೊ ಎಲ್‌ಪಿಗಳಲ್ಲಿ ಕಂಠ ಇನ್ನಷ್ಟು ಹತ್ತಿರದಲ್ಲಿ, ಘನವಾಗಿ ಕೇಳಿಸುತ್ತದೆ. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿಕೊಳ್ಳಿ. ಮೊನೊ ರೆಕಾರ್ಡಿನ ಕರಕರ ಶಬ್ದ ಅದರಿಂದ ಗಮನಾರ್ಹವಾಗಿ ಇಳಿಯುತ್ತದೆ.

ಹಳೆಯ ಎಲ್‌ಪಿಯ ತೊಡಕಿರುವುದು ಅದರ ಸ್ಥಿತಿಯಲ್ಲಿ. ಹಿಂದಿನ ರೇಡಿಯೋಗ್ರಾಮುಗಳಲ್ಲಿಯೂ ಪೆಟ್ಟಿಗೆಯಂಥ ಪ್ಲೇಯರುಗಳಲ್ಲಿಯೂ ಸೂಜಿಯ ಭಾರ ಹೆಚ್ಚಿರುತ್ತಿತ್ತು, ಸವೆದ ಸೂಜಿಯನ್ನು ಸಕಾಲದಲ್ಲಿ ಬದಲಾಯಿಸುವ ಪರಿಪಾಠವೂ ಎಲ್ಲ ಮನೆಗಳಲ್ಲಿ ಇರಲಿಲ್ಲ. ಹೀಗೆ ಕೆತ್ತಿಹೋದ ಗೆರೆಗಳನ್ನು ಎಷ್ಟು ತೊಳೆದರೂ ಸರಿಪಡಿಸಲಾಗದು. ಧೂಳು ಬೇರೆ, ಸವೆತ ಬೇರೆ ಎಂಬುದನ್ನು ಅಂಗಡಿಯಲ್ಲಿಯೇ ಗುರುತಿಸಬೇಕು. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಕಪ್ಪು ಮೈ ಹೊಳೆದರೆ ಒಳ್ಳೆಯದು. ಗೆರೆಗಳು ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಸವೆತದ ಲಕ್ಷಣ. ಮೇಲ್ಮೈಯಲ್ಲಿ ಕಾಣುವ ಕೂದಲೆಳೆಯಂಥ ಗೀರುಗಳು ನೋಟಕ್ಕೆ ಕೆಟ್ಟದಾಗಿದ್ದರೂ ಹಲವು ಬಾರಿ ಕೇಳಿಸುವುದೇ ಇಲ್ಲ, ಉಗುರಿಗೆ ತಾಗುವ ಗೀರು ಮಾತ್ರ ಖಂಡಿತ ಕೇಳಿಸುತ್ತದೆ. ನಡುವಿನ ರಂಧ್ರದ ಸುತ್ತ ಲೇಬಲ್ಲಿನ ಮೇಲೆ ಕಡ್ಡಿ ತಾಗಿದ ಗುರುತುಗಳು ತುಂಬ ಇದ್ದರೆ ಆ ರೆಕಾರ್ಡನ್ನು ಲೆಕ್ಕವಿಲ್ಲದಷ್ಟು ಬಾರಿ ಹಾಕಿದ್ದಾರೆಂದು ತಿಳಿಯಬೇಕು. ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚನ್ನು ನೋಡಿದರೆ ಬಾಗಿದೆಯೇ ಎಂಬುದು ತಿಳಿಯುತ್ತದೆ. ಕವರಿನ ಸಂಖ್ಯೆಗೂ ಒಳಗಿನ ಲೇಬಲ್ಲಿನ ಸಂಖ್ಯೆಗೂ ತಾಳೆಯಿದೆಯೇ ಎಂದು ನೋಡುವುದನ್ನಂತೂ ಮರೆಯಬಾರದು, ಏಕೆಂದರೆ ಕೈಯಿಂದ ಕೈಗೆ ಸಾಗಿಬಂದ ರಾಶಿಗಳಲ್ಲಿ ಒಂದರ ಕವರಿನಲ್ಲಿ ಇನ್ನೊಂದು ಸೇರಿಕೊಂಡಿರುವುದು ಅಪರೂಪವಲ್ಲ. ಅಂಗಡಿಯವರು ಹಾಕಿ ಕೇಳಿಸಲು ಒಪ್ಪಿದರೆ ಮೊದಲ ನಿಮಿಷವನ್ನು ಕೇಳುವ ಬದಲು ಕೊನೆಯ ಎರಡು ನಿಮಿಷಗಳನ್ನು ಕೇಳಿ. ಡಿಸ್ಕಿನ ಒಳಭಾಗದಲ್ಲಿ ಸೂಜಿಯ ಕೆಳಗೆ ಗೆರೆ ಸಾಗುವ ವೇಗ ಕಡಿಮೆಯಾಗುವುದರಿಂದ ಸವೆತದ ಒಡಕು ದನಿ ಎದ್ದು ಕಾಣುವುದು ಅಲ್ಲಿಯೇ, ಖಯಾಲಿನಲ್ಲಿ ದ್ರುತದ ತಾನುಗಳು, ಅಂದರೆ ವೇಗವಾದ ಸ್ವರಗಳ ಓಟ, ಬರುವುದೂ ಅಲ್ಲಿಯೇ.

ಮುಂಬಯಿಯಲ್ಲಿ ಹಳೆಯ ರೆಕಾರ್ಡುಗಳಿಗೆ ಹೆಸರಾದದ್ದು ಚೋರ್ ಬಜಾರಿನ ಮಟನ್ ಸ್ಟ್ರೀಟ್. ಶುಕ್ರವಾರ ಅಲ್ಲಿನ ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ನೆನಪಿಟ್ಟು ಹೊರಡಬೇಕು. ಅಲ್ಲಿ ಮೊದಲು ಹೇಳುವ ಬೆಲೆ ಕೊನೆಯ ಬೆಲೆಯಲ್ಲ, ಚೌಕಾಸಿ ಮಾಡುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಹಿಂದಿ ಚಿತ್ರಗಳ ಜನಪ್ರಿಯ ಎಲ್‌ಪಿಗಳಿಗೆ ಇಳಿಯದ ಬೆಲೆ ಶಾಸ್ತ್ರೀಯ ಗಾಯನದ ಎಲ್‌ಪಿಗಳಿಗೆ ಇಳಿಯುವುದುಂಟು, ಇದು ನಮ್ಮಂಥವರ ಪಾಲಿನ ಭಾಗ್ಯ. ಪುಣೆಯಲ್ಲಿರುವವರು ಬುಧವಾರ ಮತ್ತು ಭಾನುವಾರ ನಡೆಯುವ ಜೂನಾ ಬಜಾರನ್ನು ನೋಡಬಹುದು. 1953ರಿಂದ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ನಡೆಯುತ್ತ ಬಂದಿರುವ ಆ ಊರಿನ ಹಳೆಯ ಮನೆಗಳಲ್ಲಿ ಹಿಂದೂಸ್ತಾನಿ ಎಲ್‌ಪಿಗಳು ಜೋಪಾನವಾಗಿ ಉಳಿದಿರುವುದು ಹೆಚ್ಚು, ಅಂಥ ಮನೆಗಳು ಖಾಲಿಯಾದಾಗ ಒಳ್ಳೆಯ ಸ್ಥಿತಿಯ ರೆಕಾರ್ಡುಗಳು ಹೊರಬರುತ್ತವೆ. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ಒಂದೇ ಸೂರಿನಡಿ ಎಲ್ಲ ಬಗೆಯ ಸಂಗೀತವನ್ನು ಕೇಳಿ ಕೊಳ್ಳುವ ದೊಡ್ಡ ಅನುಕೂಲ ನಗರಕ್ಕೆ ಇಲ್ಲವಾಯಿತು, ಆ ನಷ್ಟ ಇನ್ನೂ ತುಂಬಿಲ್ಲ.

ಇನ್ನು ಹೊಸ ಮುದ್ರಣಗಳು. ಎಚ್‌ಎಂವಿಯ ಸಂಗ್ರಹಕ್ಕೆ ಈಗ ವಾರಸುದಾರನಾಗಿರುವ ಸರಿಗಮ ಕಂಪನಿ ಹಳೆಯ ಹಿಂದಿ ಚಿತ್ರಗೀತೆಗಳನ್ನೂ ಆಯ್ದ ಶಾಸ್ತ್ರೀಯ ಆಲ್ಬಮುಗಳನ್ನೂ ಮತ್ತೆ ಎಲ್‌ಪಿಯಾಗಿ ಹೊರತರುತ್ತಿದೆ. ಮಾಹಿಮಿನ ರಿವಾಲ್ವರ್ ಕ್ಲಬ್‌ನಂಥ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಇವು ದೊರೆಯುತ್ತವೆ. ಇವುಗಳ ಗುಣ ಸ್ಪಷ್ಟ: ಗೀರಿಲ್ಲ, ಸವೆತವಿಲ್ಲ, ಬೂಷ್ಟು ಹಿಡಿದಿರುವ ಭಯವಿಲ್ಲ, ದೋಷವಿದ್ದರೆ ಹಿಂದಿರುಗಿಸಿ ಬೇರೊಂದನ್ನು ಪಡೆಯಬಹುದು. ಮೊದಲ ಬಾರಿ ಟರ್ನ್‌ಟೇಬಲ್ ತಂದವರಿಗೆ ಯಂತ್ರ ಸರಿಯಾಗಿ ಹೊಂದಿಕೆಯಾಗಿದೆಯೇ ಎಂದು ತಿಳಿಯುವುದಕ್ಕೆ ಒಂದಾದರೂ ಹೊಸ ರೆಕಾರ್ಡು ಬೇಕೇ ಬೇಕು. ಹಳೆಯದನ್ನೇ ಹಾಕಿದರೆ ಕೇಳಿಬರುವ ಒಡಕು ಯಂತ್ರದ್ದೋ ಡಿಸ್ಕಿನದೋ ಎಂದು ನಿರ್ಧರಿಸುವ ದಾರಿಯಿರುವುದಿಲ್ಲ.

ಅವುಗಳ ಮಿತಿಯನ್ನೂ ಹೇಳಬೇಕು. ಹೊಸ ಮುದ್ರಣದ ಗುಣ ಯಾವ ಮೂಲದಿಂದ ಅದನ್ನು ತಯಾರಿಸಿದರು ಎಂಬುದನ್ನು ಅವಲಂಬಿಸಿದೆ. ಮೂಲ ಟೇಪಿನಿಂದ ಎಚ್ಚರಿಕೆಯಿಂದ ಮಾಡಿದ್ದು ಹಳೆಯದನ್ನು ಮೀರಿಸಬಹುದು. ಶಬ್ದ ತೆಗೆಯುವ ಉತ್ಸಾಹದಲ್ಲಿ ಅತಿಯಾಗಿ ಶುದ್ಧೀಕರಿಸಿದ ಡಿಜಿಟಲ್ ಪ್ರತಿಯಿಂದ ಮಾಡಿದ್ದರೆ ಮೊದಲು ಹೋಗುವುದು ತಂಬೂರಿಯ ಜೀವಾಳ. ಆದ್ದರಿಂದ ಶಾಸ್ತ್ರೀಯ ಗಾಯನದ ಮರುಮುದ್ರಣ ಕೊಳ್ಳುವಾಗ ಕಂಠವನ್ನು ಬಿಟ್ಟು ಹಿಂದಿನ ತಂಬೂರಿಯನ್ನು ಆಲಿಸಿ ತೀರ್ಮಾನಿಸಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. 180 ಗ್ರಾಂ ತೂಕದ ಡಿಸ್ಕು ಎಂದು ಕವರಿನ ಮೇಲೆ ದೊಡ್ಡದಾಗಿ ಅಂಟಿಸಿರುವ ಚೀಟಿಗೆ ಮನಸೋಲಬೇಕಾಗಿಲ್ಲ: ತೂಕದ ಡಿಸ್ಕು ಬಾಗುವುದು ಕಡಿಮೆ, ಆದರೆ ತೂಕ ತಾನಾಗಿಯೇ ನಾದವನ್ನು ಹೆಚ್ಚಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಪಟ್ಟಿಯೇ ಚಿಕ್ಕದು. ಧಾರವಾಡದ ಗಾಯಕರ ಹಳೆಯ ಎಲ್‌ಪಿಗಳಲ್ಲಿ ಹೆಚ್ಚಿನವು ಮತ್ತೆ ಒತ್ತಾಗಿಲ್ಲ, ಕನ್ನಡದ ಡಿಸ್ಕುಗಳ ಸ್ಥಿತಿ ಇನ್ನೂ ಬಡವಾಗಿದೆ. ದಶಕಗಳ ನಂತರ ಮುಂಬಯಿಯ ಸೀಮೆಯಲ್ಲಿಯೇ ಡಿಸ್ಕು ಒತ್ತುವ ಘಟಕ ಮತ್ತೆ ಆರಂಭವಾಗಿರುವುದರಿಂದ ಈ ಪಟ್ಟಿ ಬೆಳೆಯಲೆಂದು ನಾನು ಮನಸಾರೆ ಹಾರೈಸುತ್ತೇನೆ.

ಹಿಂದಿ ಚಿತ್ರಸಂಗೀತವೇ ಮುಖ್ಯವೆನ್ನುವವರಿಗೆ ನನ್ನ ಸಲಹೆ ತಿರುಗುಮುರುಗಾಗುತ್ತದೆ. 1975ರ ಶೋಲೆಯಂಥ ಚಿತ್ರದ ಪಾಲಿಡಾರ್ ಎಲ್‌ಪಿಗಳು ಅಪಾರ ಸಂಖ್ಯೆಯಲ್ಲಿ ಮಾರಾಟವಾದವು, ಮತ್ತು ಮದುವೆಮನೆ, ಹೋಟೆಲು, ಗಣೇಶೋತ್ಸವಗಳಲ್ಲಿ ಅಂಥ ಡಿಸ್ಕುಗಳನ್ನು ಸವೆಯುವವರೆಗೂ ನುಡಿಸಿದರು. ಅವುಗಳ ಒಳ್ಳೆಯ ಪ್ರತಿ ಹುಡುಕುವ ಶ್ರಮ ಮತ್ತು ಬೆಲೆಗೆ ಹೋಲಿಸಿದರೆ ಹೊಸ ಮುದ್ರಣವೇ ಲೇಸು. ಶಾಸ್ತ್ರೀಯ ರೆಕಾರ್ಡುಗಳು ಅಷ್ಟು ಕೈಗಳಲ್ಲಿ ತಿರುಗಿದವಲ್ಲ. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಮತ್ತು ಬ್ರಿಜಭೂಷಣ ಕಾಬ್ರಾ ಕೂಡಿ ನುಡಿಸಿದ ಕಾಲ್ ಆಫ್ ದ ವ್ಯಾಲಿ ಎಂಬ ವಾದ್ಯಸಂಗೀತದ ಎಲ್‌ಪಿ ಒಂದು ಅಪವಾದ: ಅದು ಮತ್ತೆ ಮತ್ತೆ ಒತ್ತಾಗಿ ಸಾವಿರಾರು ಮನೆಗಳನ್ನು ಸೇರಿದೆ, ಆದ್ದರಿಂದ ಅದರ ಮೊದಲು ಸಿಕ್ಕ ಪ್ರತಿಯನ್ನೇ ಕೊಳ್ಳದೆ ಒಳ್ಳೆಯದಕ್ಕಾಗಿ ಕಾಯುವುದರಲ್ಲಿ ನಷ್ಟವಿಲ್ಲ.

ಇಪಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬದಿಗೆ ಎರಡು ಹಾಡಿನಂತೆ ನಾಲ್ಕು ಹಾಡುಗಳ ಈ ಚಿಕ್ಕ ಡಿಸ್ಕು ರಾಗಸಂಗೀತಕ್ಕೆ ಸಾಲದು, ಆದರೆ 1960 ಮತ್ತು 70ರ ದಶಕದ ಕನ್ನಡ ಚಿತ್ರಗೀತೆಗಳನ್ನು ಡಿಸ್ಕಿನಲ್ಲಿಯೇ ಕೇಳಬೇಕೆನ್ನುವವರಿಗೆ ಮುಖ್ಯವಾಗಿ ಸಿಗುವುದು ಇದೇ. ಮುಂಬಯಿಯ ರಾಶಿಗಳಲ್ಲಿ ಕನ್ನಡದ ಇಪಿ ಸಿಗುವುದು ಅದೃಷ್ಟದ ಮಾತು. ಲೇಬಲ್ಲಿನ ಅಕ್ಷರ ಓದಲಾಗದ ವ್ಯಾಪಾರಿ ಅದನ್ನು ಕಡಿಮೆ ಬೆಲೆಗೆ ಕೊಡುವುದೂ ಉಂಟು. ಇದಕ್ಕಾಗಿಯೇ ಹುಡುಕುವವರು ಊರಿಗೆ ಹೋದಾಗ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ವಿಚಾರಿಸುವುದು ಒಳ್ಳೆಯದು.

ಎಪ್ಪತ್ತೆಂಟರ ಪ್ಲೇಟನ್ನು ಕೊನೆಗೆ ಇಟ್ಟದ್ದು ಅದು ಕೀಳೆಂಬ ಕಾರಣಕ್ಕಲ್ಲ, ಅದು ಬೇರೆಯೇ ಸಿದ್ಧತೆಯನ್ನು ಕೇಳುವುದರಿಂದ. ಭಾರತದಲ್ಲಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕೊಲ್ಕತ್ತದಲ್ಲಿ. ಅಲ್ಲಿಂದ 1960ರ ದಶಕದವರೆಗೂ ಈ ಪ್ಲೇಟೇ ನಮ್ಮ ಸಂಗೀತವನ್ನು ಹೊತ್ತು ತಿರುಗಿತು. ಪಶ್ಚಿಮದ ಮಾರುಕಟ್ಟೆಗಳು ಇದನ್ನು ಕೈಬಿಟ್ಟ ಮೇಲೂ ಇಲ್ಲಿ ಒತ್ತುತ್ತಲೇ ಇದ್ದರು, ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ 78ರ ಪ್ಲೇಟಾಗಿ ಬಂದಿವೆ. ಅಂಥವಕ್ಕೆ ವಿದೇಶದ ಸಂಗ್ರಾಹಕರಿಂದ ಬೇಡಿಕೆಯಿದೆ. ನಮಗೆ ಮುಖ್ಯವಾದದ್ದು ಬೇರೆ. ಭೀಮಸೇನ ಜೋಶಿಯವರ ಗುರು, ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು, ಎಂದರೆ ಎಲ್‌ಪಿ ನಮ್ಮಲ್ಲಿ ಬರುವ ಮೊದಲೇ. ಅವರ ಗುರು ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು 1937ರಲ್ಲಿ. ಇವರಿಬ್ಬರ ಗಾಯನದ ಮೂಲ ಧ್ವನಿಮುದ್ರಿಕೆಗಳು ಮೂರು ನಿಮಿಷದ ಪ್ಲೇಟುಗಳೇ. ಬಾಲಕ ಭೀಮಸೇನನನ್ನು ಗುರುವನ್ನು ಅರಸಿ ಮನೆಬಿಟ್ಟು ಹೊರಡುವಂತೆ ಮಾಡಿದ್ದು ಖಾನ್ ಸಾಹೇಬರ ಅಂಥ ಒಂದು ಪ್ಲೇಟು ಎಂಬುದನ್ನು ನೆನೆದರೆ ಮೂರು ನಿಮಿಷದ ಸಂಗೀತ ಅಲ್ಪವೆಂದು ಯಾರೂ ಹೇಳಲಾರರು. ರಾಗದ ಸಾರವನ್ನು ಅಷ್ಟು ಚಿಕ್ಕ ಅವಧಿಯಲ್ಲಿ ಹಿಡಿದಿಡುವುದು ಒಂದು ಬೇರೆಯೇ ವಿದ್ಯೆ, ಅದನ್ನು ಕರಗತ ಮಾಡಿಕೊಂಡ ಪೀಳಿಗೆ ಅದು. 1940ರ ದಶಕದಲ್ಲಿ ಎಚ್‌ಎಂವಿ ಹೊರತಂದ ಭೀಮಸೇನರ ಮೊದಲ ಮುದ್ರಿಕೆಯಲ್ಲಿ ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳಿದ್ದವು, ಅದೂ ಈ ಪ್ಲೇಟಿನ ಕಾಲದ್ದೇ.

ಆದರೆ ಇದನ್ನು ಕೇಳಲು ಹೊರಟವರು ಮೂರು ಸಂಗತಿಗಳನ್ನು ಮೊದಲು ತಿಳಿದಿರಬೇಕು. ಇಂದಿನ ಬಹುಪಾಲು ಟರ್ನ್‌ಟೇಬಲ್ಲುಗಳಲ್ಲಿ 33 ಮತ್ತು 45ರ ವೇಗಗಳಷ್ಟೇ ಇರುತ್ತವೆ, 78 ಇರುವುದನ್ನು ಹುಡುಕಿಯೇ ಕೊಳ್ಳಬೇಕು. ಎಲ್‌ಪಿಯ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಪ್ಲೇಟಿನ ಗೆರೆಗೆ ಬೇಕಾದದ್ದು ಸುಮಾರು 75 ಮೈಕ್ರಾನ್. ಎಲ್‌ಪಿಯ ಸೂಜಿಯನ್ನೇ ಇಟ್ಟರೆ ಅದು ಅಗಲವಾದ ಗೆರೆಯ ತಳದಲ್ಲಿ ಧೂಳಿನ ಮೇಲೆ ಓಡಾಡಿ ಕರಕರ ಶಬ್ದವನ್ನೇ ಹೆಚ್ಚಿಸುತ್ತದೆ, ಸೂಜಿಯೂ ಹಾಳಾಗುತ್ತದೆ. ಮೂರನೆಯದಾಗಿ, ಅರಗು ಮದ್ಯಸಾರದಲ್ಲಿ ಕರಗುವ ವಸ್ತು. ಎಲ್‌ಪಿ ಒರೆಸಲು ಬಳಸುವ ಸ್ಪಿರಿಟ್ ಬೆರೆಸಿದ ದ್ರಾವಣವನ್ನು ಪ್ಲೇಟಿಗೆ ಹಚ್ಚಿದರೆ ಗೆರೆಗಳೇ ಕರಗಿಹೋಗುತ್ತವೆ. ಅದಕ್ಕೆ ಶುದ್ಧ ನೀರು, ಮೆತ್ತನೆಯ ಬಟ್ಟೆ, ತಕ್ಷಣ ಒಣಗಿಸುವುದು ಇಷ್ಟೇ ಸಾಕು. ಹಳೆಯ ಕೀಲಿ ಕೊಡುವ ಗ್ರಾಮಫೋನಿನಲ್ಲಿ ಹಾಕುವವರು ಉಕ್ಕಿನ ಪಿನ್ನನ್ನು ಪ್ರತಿ ಬದಿಗೂ ಬದಲಾಯಿಸಬೇಕು, ಮತ್ತು ಆ ಯಂತ್ರದಲ್ಲಿ ಎಲ್‌ಪಿಯನ್ನು ಎಂದಿಗೂ ಹಾಕಬಾರದು. ಇಷ್ಟೆಲ್ಲ ಸಿದ್ಧತೆ ಮಾಡಲಾಗದವರಿಗೆ ಮಧ್ಯದ ದಾರಿಯೊಂದಿದೆ: ಅಬ್ದುಲ್ ಕರೀಂ ಖಾನರಂಥ ದೊಡ್ಡವರ ಹಳೆಯ ಪ್ಲೇಟುಗಳನ್ನು ಒಟ್ಟುಗೂಡಿಸಿ ಎಚ್‌ಎಂವಿಯ ಕಾಲದಲ್ಲಿಯೇ ಎಲ್‌ಪಿಗಳಾಗಿ ಹೊರತಂದಿದ್ದಾರೆ. ಅಂಥದ್ದು ಸಿಕ್ಕರೆ ಹಿಂದೆಮುಂದೆ ನೋಡದೆ ಕೊಳ್ಳಬಹುದು.

ಯಂತ್ರದ ವಿಷಯದಲ್ಲಿ ಒಂದೇ ಮಾತು ಸಾಕು. ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರುಗಳಲ್ಲಿ ಸಿರಾಮಿಕ್ ಕಾರ್ಟ್ರಿಜ್ (ಸೂಜಿಯನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುತ್ತದೆ, ಸೂಜಿಯ ಭಾರ ಐದು ಗ್ರಾಮಿನ ಆಸುಪಾಸು ಇರುವುದು ಸಾಮಾನ್ಯ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ ಟರ್ನ್‌ಟೇಬಲ್ಲಿನಲ್ಲಿ ಅದು ಎರಡು ಗ್ರಾಮಿನ ಹತ್ತಿರಕ್ಕೆ ಇಳಿಯುತ್ತದೆ. ನಲವತ್ತು ಐವತ್ತು ವರ್ಷ ಉಳಿದುಬಂದ ಗಂಗೂಬಾಯಿಯವರ ಎಲ್‌ಪಿಯನ್ನು ಮೊದಲನೆಯದರಲ್ಲಿ ಹಾಕುವುದು ನನಗೆ ಸರಿಯೆನಿಸುವುದಿಲ್ಲ; ಡಿಸ್ಕುಗಳ ಸಂಖ್ಯೆಯನ್ನು ಕಡಿಮೆ ಮಾಡಿಯಾದರೂ ಎರಡನೆಯದಕ್ಕೆ ಹಣ ಕೂಡಿಸಬೇಕು.

ಈ ನಗರದಲ್ಲಿ ಆಯ್ಕೆಯ ಮೇಲೆ ಪ್ರಭಾವ ಬೀರುವ ಇನ್ನೆರಡು ಸಂಗತಿಗಳು ಮಳೆಗಾಲ ಮತ್ತು ಮನೆಯ ಅಳತೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ತೇವಕ್ಕೆ ಹಳೆಯ ಕಾಗದದ ಒಳಲಕೋಟೆಗಳು ಬೂಷ್ಟು ಹಿಡಿದು ಡಿಸ್ಕಿನ ಮೇಲೆ ಬಿಳಿ ಚುಕ್ಕೆಗಳಾಗುತ್ತವೆ. ಕೊಂಡು ತಂದ ಹಳೆಯ ಎಲ್‌ಪಿಯ ಒಳಲಕೋಟೆಯನ್ನು ಕೂಡಲೇ ಬದಲಾಯಿಸಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ನೇರವಾಗಿ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಪೇರಿಸಿದರೆ ಬಾಗುವುದು ಖಚಿತ. ಕವರು ಸೇರಿ ನೂರು ಎಲ್‌ಪಿಗಳ ತೂಕ ಸುಮಾರು 25 ಕಿಲೋ ಆಗುತ್ತದೆ, ಗೋಡೆಗೆ ಬಡಿದ ಹಲಗೆ ಅದನ್ನು ತಾಳಬೇಕು. ಅರಗಿನ ಪ್ಲೇಟುಗಳನ್ನಂತೂ ಜನ ತುಂಬಿದ ಲೋಕಲ್ ಟ್ರೇನಿನಲ್ಲಿ ತರುವ ಸಾಹಸ ಬೇಡ, ಸಣ್ಣ ಪೆಟ್ಟಿಗೂ ಅವು ಒಡೆಯುತ್ತವೆ.

ಹಿರಿಯರಿಂದ ಬಂದ ಪೆಟ್ಟಿಗೆಯೊಂದು ಮನೆಯಲ್ಲಿದ್ದರೆ ಕೊಳ್ಳುವುದಕ್ಕೆ ಮೊದಲು ಅದನ್ನು ತೆರೆದು ಪ್ರತಿಯೊಂದರ ಲೇಬಲ್, ಸಂಖ್ಯೆ, ಗಾಯಕರ ಹೆಸರು, ರಾಗ ಮತ್ತು ಸ್ಥಿತಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅದರಲ್ಲಿ ಪ್ಲೇಟುಗಳೇ ಹೆಚ್ಚಿದ್ದರೆ 78ರ ವೇಗವಿರುವ ಯಂತ್ರವನ್ನೇ ಮೊದಲು ನೋಡಬೇಕಾಗುತ್ತದೆ, ಎಲ್‌ಪಿಗಳಿದ್ದರೆ ಮೇಲೆ ಹೇಳಿದಂತೆ ಸಾಗಬಹುದು. ಮುಂದಿನ ಕಚೇರಿಯ ಹೊತ್ತಿಗೆ ಯಾರಾದರೂ ಏನು ಕೇಳುತ್ತಿದ್ದೀರೆಂದು ವಿಚಾರಿಸಿದರೆ ಗಾಯಕರ ಹೆಸರಿನೊಡನೆ ಆ ಸಂಖ್ಯೆಯನ್ನೂ ಹೇಳಿ, ಯಾವ ಬದಿ ಸವೆದಿದೆ ಎಂಬುದನ್ನೂ ತಿಳಿಸಿ. ಅದೇ ರೆಕಾರ್ಡಿನ ಒಳ್ಳೆಯ ಪ್ರತಿ ಮಾಟುಂಗದ ಇನ್ನೊಂದು ಮನೆಯಲ್ಲಿ ಇರಬಹುದು.